ಭಾನುವಾರದ ಸಸ್ಯ ವೀಕ್ಷಣೆ ಮತ್ತು ಜಾನಕಿ ಅಮ್ಮಾಳ್

ಸದಸ್ಯರೆಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 7 ಗಂಟೆಗೆ ಗುರುಪುರ ಹೊಳೆಯ ದಡದಲ್ಲಿ ಸೇರೋಣ. ಅಲ್ಲಿ ರೇಷ್ಮೆಯಂಥ ಬಿಳಿ ತೆನೆ ಬಿಟ್ಟು ನಿಂತಿರುವ ಕಾಡು ಕಬ್ಬಿನ ಹುಲ್ಲನ್ನು ನೋಡುವಾಗ, ನಮ್ಮ ಮಂಗಳೂರಿನಿಂದ ರೈಲು ಹತ್ತಿದರೆ ಅರ್ಧ ದಿನದೊಳಗೆ ತಲುಪಬಹುದಾದ ತಲಶ್ಶೇರಿಯಲ್ಲಿ 1897ರಲ್ಲಿ ಹುಟ್ಟಿದ ಸಸ್ಯವಿಜ್ಞಾನಿ ಇ. ಕೆ. ಜಾನಕಿ ಅಮ್ಮಾಳ್ ಅವರನ್ನು ನೆನೆಯಬೇಕೆಂಬುದು ನನ್ನ ಆಸೆ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ 1931ರಲ್ಲಿ ಡಾಕ್ಟರೇಟ್ ಪಡೆದ ಅವರು, ಕೊಯಮತ್ತೂರಿನ ಕಬ್ಬು ತಳಿ ಕೇಂದ್ರದಲ್ಲಿ ಇದೇ ಹುಲ್ಲಿನ ವರ್ಣತಂತುಗಳನ್ನು (ಜೀವಕೋಶದೊಳಗೆ ಆನುವಂಶಿಕ ಗುಣಗಳನ್ನು ಹೊತ್ತಿರುವ ಎಳೆಗಳನ್ನು) ಅಧ್ಯಯನ ಮಾಡಿ, ಕಬ್ಬನ್ನು ಮೆಕ್ಕೆಜೋಳದೊಡನೆಯೂ ಸಂಕರಗೊಳಿಸಿದರು. ಆ ಕಾಲಕ್ಕೆ ಅದು ಸಣ್ಣ ಸಾಹಸವಲ್ಲ. ಇಳಿವಯಸ್ಸಿನಲ್ಲಿಯೂ ಕೇರಳದ ಸೈಲೆಂಟ್ ವ್ಯಾಲಿಯ ಕಾಡು ಅಣೆಕಟ್ಟಿನ ನೀರಿನಲ್ಲಿ ಮುಳುಗಬಾರದೆಂದು ದನಿ ಎತ್ತಿದರು. ಭೂತಗನ್ನಡಿ ಇರುವವರು ದಯವಿಟ್ಟು ತನ್ನಿ. ತೆನೆಗಳನ್ನು ಮಾತ್ರ ಯಾರೂ ಕೀಳಬಾರದಾಗಿ ವಿನಂತಿ.