ಮಗಳಿಗೊಂದು ಪತ್ರ: ಮಹಾಬಲಿಪುರಕ್ಕೆ ಹೊರಡುವ ಮುನ್ನ

ಪ್ರೀತಿಯ ಮಗಳೇ,

ಜನವರಿಯಲ್ಲಿ ಮಹಾಬಲಿಪುರ ಅಂತ ಗೊತ್ತುಮಾಡಿದ್ದು ಒಳ್ಳೆಯದಾಯ್ತು. ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಅಲ್ಲಿ ಹಿಂಗಾರಿನ ಹೊಡೆತ. ಮೇ ತಿಂಗಳಲ್ಲಿ ಬಂಡೆಯೆಲ್ಲ ಕಾದ ಹೆಂಚು. ಬೆಂಗಳೂರಿನಿಂದ ಕಾರಲ್ಲಿ ಹೋಗುವವರು ಚೆನ್ನೈ ಒಳಗೆ ಹೊಗುವುದೇ ಬೇಡ. ಕಾಂಚೀಪುರದ ಕಡೆ ತಿರುಗಿ, ಚೆಂಗಲ್ಪಟ್ಟು, ತಿರುಕ್ಕಳುಕುಂಡ್ರಂ ಮೇಲೆ ಹೋಗಿ.

ಮೂರು ರಾತ್ರಿ ಇರಿ. ಒಂದೇ ದಿನದಲ್ಲಿ ಎಲ್ಲ ಮುಗಿಸಲು ಹೋದರೆ ಮಧ್ಯಾಹ್ನದ ಬಿಸಿಲಿಗೆ ಮಕ್ಕಳು ಅಳುತ್ತವೆ, ನಿಮ್ಮತ್ತೆಯವರ ಮಂಡಿ ಹಿಡಿದುಕೊಳ್ಳುತ್ತದೆ. ಹನ್ನೊಂದರಿಂದ ನಾಲ್ಕರವರೆಗೆ ರೂಮಿನಲ್ಲೇ ಇರಿ, ಊಟ, ನಿದ್ದೆ.

ಕಡಲತೀರದ ದೇಗುಲಕ್ಕೂ ಪಂಚರಥ ಅನ್ನುವ ಐದು ಕಲ್ಲುಗುಡಿಗಳಿಗೂ ಒಂದೇ ಟಿಕೆಟ್, ಆದರೆ ಆ ದಿನಕ್ಕೆ ಮಾತ್ರ. ಬಿಸಾಡದೆ ಇಟ್ಟುಕೊ. 15 ವರ್ಷದೊಳಗಿನವರಿಗೆ ಟಿಕೆಟ್ ಬೇಡ. ದೇಗುಲಕ್ಕೆ ಬಾಗಿಲು ತೆಗೆದ ಕೂಡಲೇ ಹೋಗಿ, ರಥಗಳಿಗೆ ಸಂಜೆ. ದೇಗುಲ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ್ದು. ರಥಗಳು ಇದ್ದ ಬಂಡೆಯನ್ನೇ ಮೇಲಿಂದ ಕೆಳಕ್ಕೆ ಕಡೆದಿದ್ದು. ಅರ್ಧಕ್ಕೆ ನಿಂತಿದ್ದರಿಂದಲೇ ಕೆಲವದರ ಬುಡ ಒರಟಾಗಿದೆ. ದ್ರೌಪದಿ ರಥದ ಮಾಡು ಹುಲ್ಲಿನ ಗುಡಿಸಲಿನಂತೆಯೇ ಇದೆ, ಮಕ್ಕಳಿಗೆ ತೋರಿಸು. 642ರಲ್ಲಿ ಬಾದಾಮಿ ಗೆದ್ದ ಪಲ್ಲವರ ನರಸಿಂಹವರ್ಮನ 'ಮಾಮಲ್ಲ' ಎಂಬ ಬಿರುದಿನಿಂದಲೇ ಊರಿಗೆ ಮಾಮಲ್ಲಪುರ ಎಂಬ ಹೆಸರು ಅಂತಲೂ ಹೇಳು.

ಮರುದಿನ ಬೆಳಿಗ್ಗೆ ಅರ್ಜುನನ ತಪಸ್ಸಿನ ಬಂಡೆ. ಅದು ಪೂರ್ವಕ್ಕೆ ಮುಖ ಮಾಡಿದೆ. ಎಳೆಬಿಸಿಲಲ್ಲಿ ಮಾತ್ರ ಕೆತ್ತನೆಯ ಗೆರೆಗಳು ಎದ್ದು ಕಾಣುತ್ತವೆ. ದೊಡ್ಡ ಆನೆಯ ಹತ್ತಿರ ಒಂದು ಬೆಕ್ಕು ಮುಂಗಾಲೆತ್ತಿ ತಪಸ್ಸಿಗೆ ನಿಂತಿದೆ, ಸುತ್ತ ಇಲಿಗಳು. ಕೆಳಗೊಂದು ಜಿಂಕೆ ಹಿಂಗಾಲಿನಿಂದ ಮೂಗು ತುರಿಸಿಕೊಳ್ಳುತ್ತಿದೆ. ಮಕ್ಕಳೇ ಹುಡುಕಲಿ, ನೀನು ತೋರಿಸಿಬಿಡಬೇಡ. ಪಕ್ಕದ ಕೃಷ್ಣ ಮಂಟಪದಲ್ಲಿ ಹಾಲು ಕರೆಸಿಕೊಳ್ಳುತ್ತಾ ಕರುವನ್ನು ನೆಕ್ಕುವ ಹಸುವಿದೆ. ಅದರ ಮುಂದೆ ನೀನು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲು. ಬೆಣ್ಣೆಯುಂಡೆ ಅನ್ನುವ ದುಂಡು ಬಂಡೆ ನಿಂತಿರುವ ಇಳಿಜಾರಿನಲ್ಲಿ ಮಕ್ಕಳು ಜಾರದೆ ಬಿಡುವುದಿಲ್ಲ, ಹಳೆ ಪ್ಯಾಂಟ್ ಹಾಕು.

ಸಮುದ್ರದ ವಿಷಯದಲ್ಲಿ ಮಾತ್ರ ನನ್ನ ಮಾತು ಮೀರಬೇಡ. ಅಲ್ಲಿ ಸೆಳೆತ ಜಾಸ್ತಿ. ಸುತ್ತ ಅಲೆ ಒಡೆಯುತ್ತಿದ್ದು, ನಡುವೆ ನೊರೆಯಿಲ್ಲದೆ ನುಣುಪಾಗಿ ಕಾಣುವ ಜಾಗವೇ ಅಪಾಯದ್ದು. ದಡಕ್ಕೆ ಬಂದ ನೀರು ವಾಪಸು ಓಡುವ ಓಣಿ ಅದು. ಮಕ್ಕಳ ಕೈ ಹಿಡಿದುಕೊಂಡೇ, ಮೊಣಕಾಲಿನ ಕೆಳಗಿನ ನೀರಷ್ಟೇ. ಅಕಸ್ಮಾತ್ ಯಾರಾದರೂ ಸಿಕ್ಕಿಕೊಂಡರೆ ದಡದ ಕಡೆ ಈಜಿ ಸುಸ್ತಾಗಬಾರದು. ದಡದ ಉದ್ದಕ್ಕೆ, ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬರಬೇಕು. ಅಳಿಯಂದಿರಿಗೂ ಇದನ್ನು ಓದಿಸು.

ನಿನ್ನ ಅಮ್ಮ