ಕಪಾಟಿಗೆ ಕೀಲಿ ಹಾಕಿದರೆ ಮಕ್ಕಳು ಏನು ಓದಬೇಕು?

ಸಂಪಾದಕರೇ,

ನಮ್ಮ ಗದಗಿನ ಗ್ರಂಥಾಲಯದಲ್ಲಿ ಮಕ್ಕಳ ವಿಭಾಗ ಶುರುವಾದ ಸುದ್ದಿಯನ್ನು ಮೊನ್ನೆ ಫೋಟೊ ಸಮೇತ ಹಾಕಿದ್ದೀರಿ. ಅದನ್ನು ನಂಬಿ ಹೋದ ನನ್ನ ಮಗಳು, ಅವಳ ಇಬ್ಬರು ಗೆಳತಿಯರು ನಿನ್ನೆ ಬೈಸಿಕೊಂಡು ಬಂದಿದ್ದಾರೆ.

ಫೋಟೊದಲ್ಲಿ ಕಾಣುವ ಆ ಗಾಜಿನ ಕಪಾಟಿಗೆ ಕೀಲಿ ಹಾಕಿದೆ. ಕೀಲಿಕೈ ಸಾಹೇಬರ ಹತ್ತಿರ, ಸಾಹೇಬರು ಮೀಟಿಂಗಿನಲ್ಲಿ. ನಾನು ಅರ್ಧ ದಿನ ರಜೆ ಹಾಕಿ, ಬೆಟಗೇರಿಯಿಂದ ಟಂಟಂನಲ್ಲಿ ಮೂವರನ್ನೂ ಕರೆದುಕೊಂಡು ಬಿಸಿಲಲ್ಲಿ ಹೋಗಿದ್ದೆ. ಕುಡಿಯಲು ನೀರಿಲ್ಲ, ಕೂರಲು ಜಾಗವಿಲ್ಲ, ಪರೀಕ್ಷೆಗೆ ಓದುವ ಹುಡುಗರು ಪಾಪ ಮೆಟ್ಟಿಲ ಮೇಲೆ ಕೂತಿದ್ದರು. ಗಾಜಿನ ಹೊರಗಿನಿಂದ ಕಂಡದ್ದು ಮಹಾಪುರುಷರ ಜೀವನ ಚರಿತ್ರೆ, ಅದೂ ಒಂದೇ ಪುಸ್ತಕದ ಪ್ರತಿಗಳು ಸಾಲಾಗಿ, ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿಲ್ಲ.

ಮಕ್ಕಳು ಕೇಳಿದ್ದು ಇಷ್ಟೇ: ಮಾಯಾಲೋಕ, ಪುರಾಣ, ತಮ್ಮ ವಯಸ್ಸಿನ ಗೆಳೆಯರ ಸಾಹಸ ಇರುವ ಕಾದಂಬರಿ ಕನ್ನಡದಲ್ಲಿ ಇದೆಯಾ? ಟೇಬಲ್ ಹತ್ತಿರ ಇದ್ದವರು, "ಮಾಯಾ ಮಂತ್ರ ಓದಿ ಪರೀಕ್ಷಾದಾಗ ಏನ್ ಬರೀತೀರವ್ವಾ? ಜನರಲ್ ನಾಲೆಜ್ ಓದ್ರಿ" ಅಂದರು. ಎಲ್ಲರ ಎದುರು, ಗಟ್ಟಿಯಾಗಿ. ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಹೇಳುವ ಮಾತಾ ಇದು?

ಗದಗಿನಲ್ಲಿ ಕೂತು ಈ ಮಾತು ಆಡಿದ್ದು ನನಗೆ ಇನ್ನೂ ಜಾಸ್ತಿ ಸಿಟ್ಟು ತರಿಸಿತು. ಕುಮಾರವ್ಯಾಸ ಅಂತ ಹೆಸರಾದ ಕವಿ ನಾರಣಪ್ಪ ಮಿಂದು ಬಂದು, ಒದ್ದೆ ಬಟ್ಟೆ ಆರುವ ತನಕ ಭಾರತ ಬರೆಯುತ್ತಿದ್ದ ಅಂತ ಹಿರಿಯರು ಹೇಳುವ ವೀರನಾರಾಯಣನ ಗುಡಿ ಇದೇ ಊರಲ್ಲಿದೆ. ಅವನ ಭಾರತದಲ್ಲಿ ಹಿಡಿಂಬೆ ಇಲ್ಲವಾ, ಘಟೋತ್ಕಚ ಇಲ್ಲವಾ? ಮಯ ಕಟ್ಟಿದ ಸಭೆಯಲ್ಲಿ ನೆಲ ಅಂದುಕೊಂಡು ದುರ್ಯೋಧನ ನೀರಿಗೆ ಬಿದ್ದದ್ದು ಮಾಯೆ ಅಲ್ಲದೆ ಮತ್ತೇನು? ದೊಡ್ಡವರು ಗಮಕದಲ್ಲಿ ಕೇಳಬಹುದಂತೆ, ಹುಡುಗಿಯರು ಕಾದಂಬರಿಯಲ್ಲಿ ಓದಬಾರದಂತೆ.

ಈ ಮೂವರೂ ಸೇರಿ ಒಂದು ಕಥೆ ಬರೆಯುತ್ತಿದ್ದಾರೆ. ನೋಟ್‌ಬುಕ್ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೋಗುತ್ತೆ, ಒಬ್ಬೊಬ್ಬರದು ಒಂದೊಂದು ಅಧ್ಯಾಯ. ಹಿಡಿಂಬೆಯ ವಂಶದ ಹುಡುಗಿ ಇವರ ಕ್ಲಾಸಿನ ಕೊನೆ ಬೆಂಚಿನಲ್ಲಿ ಕೂರುತ್ತಾಳೆ. ಸಿಟ್ಟು ಬಂದರೆ ಕೈಯಲ್ಲಿದ್ದ ಟಿಫಿನ್ ಡಬ್ಬಿ ಮುದ್ದೆಯಾಗುತ್ತೆ, ಅದಕ್ಕೇ ಖೋ ಖೋ ಆಡಲು ಹೆದರುತ್ತಾಳೆ, ಅವಳ ಗುಟ್ಟು ಉಳಿಸಲು ಗೆಳತಿಯರು ಪಿ.ಟಿ. ಸರ್ ಹತ್ತಿರ ಸುಳ್ಳು ಹೇಳುತ್ತಾರೆ. ಲಕ್ಕುಂಡಿಯ ಮುಸುಕಿನ ಬಾವಿ ಮೆಟ್ಟಿಲು ಇಳಿದರೆ ಬೇರೆ ಲೋಕ. ಇದರಲ್ಲಿ ಮಂತ್ರಕ್ಕಿಂತ ಜಾಸ್ತಿ ಇರುವುದು ಗೆಳೆತನ. ಟೇಬಲ್ ಹತ್ತಿರ ಇದ್ದವರು ಆ ನೋಟ್‌ಬುಕ್ಕನ್ನು ತೆರೆದೂ ನೋಡದೆ ಸುಮ್ನೆ ಟೈಂಪಾಸ್ ಅಂದುಬಿಟ್ಟರು. ವಾಪಸ್ ಬರುವಾಗ ಮಗಳು "ಬಿಡು ಮಮ್ಮಿ, ಇನ್ಮೇಲೆ ಇಂಗ್ಲಿಷ್‌ದಾಗ ಓದ್ತೀವಿ" ಅಂದಳು. ನನಗೆ ಹೊಟ್ಟೆ ಉರಿಯಿತು.

ಕನ್ನಡದಲ್ಲಿ ಬರೆಯುವವರು ಇಲ್ಲ ಅನ್ನಬೇಡಿ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ, ಕನ್ನಡಕ್ಕೂ. ಆ ಪುಸ್ತಕಗಳನ್ನಾದರೂ ತರಿಸಿದ್ದಾರಾ? ದುಡ್ಡಿಲ್ಲ ಅನ್ನೋದೂ ಬೇಡ. 1965ರ ಗ್ರಂಥಾಲಯ ಕಾಯ್ದೆ ಪ್ರಕಾರ ಆಸ್ತಿ ತೆರಿಗೆ ಜೊತೆ ಶೇ 6ರಷ್ಟು ಗ್ರಂಥಾಲಯ ಕರ ವಸೂಲಿ ಮಾಡುತ್ತಾರೆ. ನಮ್ಮ ರಸೀದಿಯಲ್ಲೂ ಬರುತ್ತೆ, ಒಂದು ವರ್ಷವೂ ತಪ್ಪಿಸಿಲ್ಲ. ಅದು ಎಲ್ಲಿ ಹೋಗುತ್ತೆ?

ಕಟ್ಟುವಾಗ ಒಂದು ದಿನ ತಡವಾದರೆ ದಂಡ ಹಾಕುವ ಜನ, ನಮ್ಮ ಕೆಲಸಕ್ಕೆ ಮಾತ್ರ ನಾಳೆ ಬಾ ಅನ್ನುತ್ತಾರೆ. ಮನೆ ಉತಾರಕ್ಕೆ, ಅಂದರೆ ಆಸ್ತಿ ದಾಖಲೆಗೆ ಹೋದಾಗಲೂ ಇದೇ, ಸರ್ವರ್ ಇಲ್ಲ, ಸಾಹೇಬರಿಲ್ಲ. ನಮ್ಮ ಓಣಿಯ ಬೀದಿದೀಪ ಹಬ್ಬಕ್ಕೂ ಹತ್ತಲಿಲ್ಲ. ನಲ್ಲಿ ನೀರು ಯಾವಾಗ ಬರುತ್ತೆ ಅಂತ ಕೇಳಿದರೆ ಫೋನೇ ಎತ್ತಲ್ಲ. ಉದ್ಘಾಟನೆಗೆ, ಫೋಟೊಗೆ ಮಾತ್ರ ಎಲ್ಲರೂ ಹಾಜರ್!

ಮೊದಲು ಆ ಕೀಲಿ ತೆಗೆಸಿ. ಹದಿಹರೆಯದ ಮಕ್ಕಳು ಕೇಳುವ ಕನ್ನಡ ಕಾದಂಬರಿಗಳನ್ನು ತರಿಸಿ, ತರಿಸಲು ಆಗದಿದ್ದರೆ ಕರ ತಗೊಳ್ಳೋದನ್ನು ನಿಲ್ಲಿಸಿ. ಮಕ್ಕಳಿಗೆ ಹಾಗೆ ಮಾತಾಡಿದವರನ್ನು ಬೇರೆ ಕಡೆ ಹಾಕಿ, ಇಲ್ಲವೇ ಮಾತಾಡೋದನ್ನಾದರೂ ಕಲಿಸಿ. ಮೇಲಿನವರು ಒಮ್ಮೆ ಹೇಳದೆ ಕೇಳದೆ ಬಂದು ನೋಡಲಿ. ನಾಚಿಕೆ ಆಗಬೇಕು ಇವರಿಗೆ.

ನೊಂದ ಪಾಲಕರು,
ಬೆಟಗೇರಿ, ಗದಗ