ಹುಳದ ಮದ್ದು ಕೊಡುವ ಮೊದಲು ಹಿಕ್ಕೆ ನೋಡಿ

ಸಂಪಾದಕರಿಗೆ ನಮಸ್ಕಾರ,

ನಮ್ಮ ಮಂಗಳೂರು ಉಡುಪಿ ಕಡೆ ಇಗುವಾನಾ, ಬಿಯರ್ಡೆಡ್ ಡ್ರಾಗನ್ ತರಹದ ಹಲ್ಲಿ, ಬಾಲ್ ಪೈಥಾನ್ ಹಾವು, ಕೆಂಪು ಕಿವಿಯ ಆಮೆ ಸಾಕುವವರು ಈಗ ಸುಮಾರು ಜನ ಇದ್ದಾರೆ, ಆದ್ರೆ ಅದು ತಿನ್ನುದು ಬಿಟ್ರೆ, ಸಪೂರ ಆದ್ರೆ ಎಲ್ಲಿಗೆ ಹೋಗ್ಬೇಕು ಅಂತ ಯಾರಿಗೂ ಗೊತ್ತಿಲ್ಲ. ಪೆಟ್ ಶಾಪಿನವರು ನಾಯಿಮರಿಯ ಸಿರಪ್ ಎರಡು ಡ್ರಾಪ್ ಹಾಕಿ ಅಂತಾರೆ. ನಮ್ಮ ಇಗುವಾನಾವನ್ನು ತಕೊಂಡು ಹೋದ ಕ್ಲಿನಿಕ್‌ನಲ್ಲಿ ಹಿಕ್ಕೆಯ ಡಬ್ಬಿ ಮುಚ್ಚಳ ಸಹ ತೆಗೀಲಿಲ್ಲ, ದೂರದಿಂದ್ಲೇ ನೋಡಿ ಹುಳದ ಮದ್ದು ಬರ್ದು ಕೊಟ್ರು. ನಾನು ಲ್ಯಾಬ್ ಟೆಕ್ನಿಶಿಯನ್, ದಿನಾ ಮನುಷ್ಯರ ಸ್ಟೂಲ್ ಟೆಸ್ಟ್ ಮಾಡುವವಳು, ಹಾಗಾಗಿ ನಂಗೆ ಅದು ಸರಿ ಕಾಣ್ಲಿಲ್ಲ, ಮನೆಗೆ ಬಂದು ನಾನೇ ಸ್ಲೈಡ್ ಮಾಡಿದೆ.

ಕಷ್ಟದ ಕೆಲಸ ಏನಲ್ಲ ಇದು. ಹಿಕ್ಕೆಯಲ್ಲಿ ಬಿಳಿ ಸುಣ್ಣದ ಹಾಗೆ ಇರ್ತದಲ್ಲ, ಅದು ಮೂತ್ರದ ಭಾಗ, ಅದನ್ನು ಬಿಟ್ಟು ಕಂದು ಭಾಗದಿಂದ ಸ್ವಲ್ಪ ತೆಗೀಬೇಕು. ಒಂದು ಸ್ಲೈಡ್ ಸಲೈನ್‌ನಲ್ಲಿ (ತೆಳು ಉಪ್ಪುನೀರು), ಓಡಾಡುವ ಜೀವಿಗಳನ್ನು ನೋಡ್ಲಿಕ್ಕೆ. ಇನ್ನೊಂದಕ್ಕೆ ಗಟ್ಟಿ ಉಪ್ಪುನೀರಲ್ಲಿ ಕದಡಿ ಟ್ಯೂಬಿಗೆ ತುಂಬಿಸಿ ಮೇಲೆ ಕವರ್ ಸ್ಲಿಪ್ ಇಟ್ಟು ಹತ್ತು ಹದಿನೈದು ನಿಮಿಷ ಬಿಟ್ರೆ ಹಗುರ ಮೊಟ್ಟೆಗಳು ತೇಲಿ ಬಂದು ಗಾಜಿಗೆ ಅಂಟಿಕೊಳ್ತವೆ. ನಮ್ಮದರಲ್ಲಿ ಕಂಡದ್ದು ಪಿನ್‌ವರ್ಮ್ ಅಂತ ಕರುಳಿನ ಸಣ್ಣ ಹುಳದ ಮೊಟ್ಟೆ, ಉದ್ದಕ್ಕೆ, ತೆಳು ಸಿಪ್ಪೆಯದ್ದು, ಒಂದು ಬದಿ ಸ್ವಲ್ಪ ಚಪ್ಪಟೆ. ಜೊತೆಗೆ ಸಲೈನ್ ಸ್ಲೈಡಿನಲ್ಲಿ ಮೈತುಂಬಾ ರೋಮ ಇರುವ ನಿಕ್ಟೋಥೀರಸ್ ಅಂತ ಒಂದು ಏಕಕೋಶ ಜೀವಿ ಗಿರಗಿರ ತಿರುಗ್ತಾ ಇತ್ತು. ಸೊಪ್ಪು ತಿನ್ನುವ ಇಗುವಾನಾ, ಆಮೆಗಳ ಹೊಟ್ಟೆಯಲ್ಲಿ ಇವೆರಡೂ ಸಾಮಾನ್ಯ, ಕಡಿಮೆ ಇದ್ರೆ ಮದ್ದೇ ಬೇಡ. ಅಭ್ಯಾಸ ಇಲ್ಲದವರು ನಿಕ್ಟೋಥೀರಸ್‌ನ ಸಿಸ್ಟ್ (ಗಟ್ಟಿ ಕವಚದ ಒಳಗಿರುವ ಹಂತ) ನೋಡಿ ಚಪ್ಪಟೆ ಹುಳದ ಮೊಟ್ಟೆ ಅಂತ ತಿಳ್ಕೊಳ್ಳುದೂ ಉಂಟು. ಇಲಿ ತಿನ್ನುವ ಹಾವಿನ ಹಿಕ್ಕೆಯಲ್ಲಿ ಇಲಿಯದ್ದೇ ಹುಳದ ಮೊಟ್ಟೆ ಹಾಗೇ ಹೊರಗೆ ಬರ್ತದೆ, ಹಾವಿಗೆ ರೋಗವೇ ಇರುದಿಲ್ಲ. ಹಾಗಾಗಿ ಮೊಟ್ಟೆ ಕಂಡ ಕೂಡ್ಲೇ ಮದ್ದು ಅಂತ ಅಲ್ಲ, ಯಾವ ಮೊಟ್ಟೆ, ಎಷ್ಟು, ಪ್ರಾಣಿ ಹೇಗೆ ಉಂಟು ಅಂತ ನೋಡ್ಬೇಕು.

ಬಿಯರ್ಡೆಡ್ ಡ್ರಾಗನ್‌ನ ಕರುಳಿಗೆ ಬರುವ ಕಾಕ್ಸಿಡಿಯಾ ಅಂತ ಏಕಕೋಶ ಪರಾವಲಂಬಿ ಮಾತ್ರ ಬೇರೆ ಕತೆ, ಮರಿಗಳಿಗೆ ಭೇದಿಯಾಗಿ ತೂಕ ಇಳೀತದೆ. ನಮ್ಮಲ್ಲಿ ಮಳೆಗಾಲದಲ್ಲಿ ಗೋಡೆಯೇ ಬೆವರ್ತದೆ, ಆ ತೇವದಲ್ಲಿ ಹೊರಗೆ ಬಿದ್ದ ಊಸಿಸ್ಟ್ (ಅದರ ಮೊಟ್ಟೆಯಂಥ ಹಂತ) ಬಲೀತದೆ, ಪ್ರಾಣಿ ತನ್ನದೇ ಹಿಕ್ಕೆಯಿಂದ ಪುನಃ ಪುನಃ ಅಂಟಿಸಿಕೊಳ್ತದೆ, ಹಾಗಾಗಿ ಗೂಡಿನ ಪೇಪರ್ ದಿನಾ ಬದಲಿಸದೆ ಬರೀ ಮದ್ದು ಕೊಟ್ರೆ ಆಗುದಿಲ್ಲ. ಲೆಪರ್ಡ್ ಗೆಕ್ಕೋ ಹಲ್ಲಿ, ಹಾವುಗಳಿಗೆ ಬರುವ ಕ್ರಿಪ್ಟೋಸ್ಪೊರಿಡಿಯಂ ಅನ್ನುವ ಪರಾವಲಂಬಿ ಅಂತೂ ತೀರಾ ಸಣ್ಣದು, 4ರಿಂದ 6 ಮೈಕ್ರಾನ್, ಸಾದಾ ಸ್ಲೈಡಿನಲ್ಲಿ ತಪ್ಪಿ ಹೋಗ್ತದೆ, ಅದಕ್ಕೆ ಆಸಿಡ್ ಫಾಸ್ಟ್ ಬಣ್ಣ ಬೇಕು. ಟಿಬಿ ಕಫ ಪರೀಕ್ಷೆಗೂ ಅದೇ ಜಾತಿಯ ಬಣ್ಣ, ಸಿಗದ ವಸ್ತು ಅಲ್ಲ.

ಮದ್ದಿನ ವಿಷಯ ಯಾಕೆ ಇಷ್ಟು ಒತ್ತಿ ಹೇಳುದು ಅಂದ್ರೆ, ದನಕ್ಕೆ ನಾಯಿಗೆ ಧಾರಾಳ ಕೊಡುವ ಐವರ್ಮೆಕ್ಟಿನ್ ಆಮೆಗೆ ವಿಷ, ಕೊಟ್ರೆ ಕೈಕಾಲು ಸೋತು ಸಾಯ್ತದೆ. ದಯವಿಟ್ಟು ಯಾರೂ ಅಂದಾಜಿಗೆ ಹಾಕ್ಬೇಡಿ.

ಇನ್ನು ತುಂಬಾ ಜನ ಹೆದರಿ ಡಾಕ್ಟ್ರ ಹತ್ರ ಹೋಗುದೇ ಇಲ್ಲ, ರೆಕಾರ್ಡ್ ಇಲ್ಲ ಅಂತ. ಇಗುವಾನಾ, ಬಾಲ್ ಪೈಥಾನ್ ತರಹದ ವಿದೇಶಿ ಪ್ರಾಣಿಗಳನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸ್ಬೇಕು ಅಂತ 2024ರಲ್ಲಿ ನಿಯಮ ಬಂದಿದೆ, ಅದನ್ನು ಮಾಡಿಸಿಕೊಳ್ಳಿ. ನಕ್ಷತ್ರ ಆಮೆ ಇಟ್ಕೊಳ್ಳುದಂತೂ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ, ಅದನ್ನು ಅರಣ್ಯ ಇಲಾಖೆಗೆ ಒಪ್ಪಿಸುದೇ ಸರಿ.

ಪಶುಪಾಲನಾ ಇಲಾಖೆಯವರಲ್ಲಿ ನನ್ನ ವಿನಂತಿ ಇಷ್ಟೇ. ದನ ಆಡಿನ ಸೆಗಣಿ ಪರೀಕ್ಷೆಗೆ ಬೇಕಾದ ಮೈಕ್ರೋಸ್ಕೋಪ್, ಉಪ್ಪುನೀರು, ಸ್ಲೈಡೇ ಇದಕ್ಕೂ ಸಾಕು. ಎರಡೂ ಜಿಲ್ಲೆಯ ದೊಡ್ಡ ಪಶು ಆಸ್ಪತ್ರೆಯಲ್ಲಿ ವಾರಕ್ಕೆ ಒಂದು ದಿನ ಸರೀಸೃಪಗಳ ಸ್ಯಾಂಪಲ್ ತಕೊಳ್ಳಿ, ನ್ಯಾಯವಾದ ಫೀಸ್ ಇಟ್ರೆ ಕೊಡ್ಲಿಕ್ಕೆ ನಾವು ತಯಾರು. ಶಿವಮೊಗ್ಗದ ವೆಟರ್ನರಿ ಕಾಲೇಜಿಗೆ ಕಳಿಸಿ ಅಂತ ಹೇಳುದು ಸುಲಭ, ಆದ್ರೆ ಆಗುಂಬೆ ಘಾಟಿ ಹತ್ತಿ ಅಲ್ಲಿ ಮುಟ್ಟುವಾಗ ಓಡಾಡುವ ಜೀವಿಗಳೆಲ್ಲ ನಿಂತು ಹೋಗಿರ್ತವೆ, ಆಮೇಲೆ ಗುರುತು ಹಿಡಿಯುದು ಕಷ್ಟ. ಅಲ್ಲಿನ ತಜ್ಞರಿಂದ ಇಲ್ಲಿಯ ಡಾಕ್ಟ್ರುಗಳಿಗೆ ಟೆಕ್ನಿಶಿಯನ್‌ಗಳಿಗೆ ಒಂದು ಟ್ರೈನಿಂಗ್ ಕೊಡಿಸಿದ್ರೆ ಹೆಚ್ಚು ಉಪಕಾರ. ಸಾಕುವವರು ಹಿಕ್ಕೆಯನ್ನು ಅದೇ ದಿನ ಸ್ವಚ್ಛ ಡಬ್ಬಿಯಲ್ಲಿ ಒಣಗದ ಹಾಗೆ ತರ್ಬೇಕು, ಸಾಲ್ಮೊನೆಲ್ಲಾ ಇರ್ತದೆ ಅದ್ರಿಂದ ಸೋಪು ಹಾಕಿ ಕೈ ತೊಳೀಬೇಕು, ಮತ್ತೆ ಒಮ್ಮೆ ನೆಗೆಟಿವ್ ಬಂತು ಅಂತ ಬಿಡ್ಬೇಡಿ, ಮೊಟ್ಟೆ ದಿನಾ ಬೀಳುದಿಲ್ಲ, ಪ್ರಾಣಿ ಸರಿ ಆಗದಿದ್ರೆ ಇನ್ನೊಮ್ಮೆ ಕೊಡಿ.

– ಓದುಗರೊಬ್ಬರು, ಉಡುಪಿ